ಹತ್ತು ತಿಂಗಳ ವ್ಯಾಪಾರ

ಜೂನ್ 1 ಬಂತೆಂದು ಕಾರವಾರದ ಬೈತಖೋಲ್ ಬಂದರಿನಲ್ಲಿ ಯಾರೂ ಗಾಬರಿಬೀಳುವುದಿಲ್ಲ. ಅಂದಿನಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಮೀನುಗಾರಿಕೆ ನಿಷೇಧವಿದ್ದು ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಟ್ರಾಲರ್ ಮತ್ತು ಪರ್ಸೀನ್ ದೋಣಿಗಳು ದಡ ಸೇರುತ್ತವೆ, ಹೊರರಾಜ್ಯದ ಕೆಲಸಗಾರರು ಊರಿಗೆ ಹೊರಡುತ್ತಾರೆ, ಹರಿದ ಬಲೆಗೆ ಹೊಲಿಗೆ ಬೀಳುತ್ತದೆ, ಎಂಜಿನ್ ಬಿಚ್ಚಿ ಜೋಡಿಸುವ ಕೆಲಸ ನಡೆಯುತ್ತದೆ. ಪೇಟೆಯಲ್ಲಿ ಹಸಿ ಮೀನು ಇಲ್ಲದ ಕಡೆ ಒಣಮೀನಿನ ರಾಶಿ ಕಾಣಿಸುತ್ತದೆ. ವರ್ಷದ ಆರನೇ ಒಂದು ಭಾಗ ಆದಾಯವೇ ಇಲ್ಲದೆ ಹೋದರೂ ಆ ಉದ್ಯೋಗ ಮುರಿದು ಬೀಳುವುದಿಲ್ಲ. ಏಕೆಂದರೆ ಸಾಲದ ಕಂತು, ಮನೆಖರ್ಚು, ಕೂಲಿ ಎಲ್ಲವನ್ನೂ ಉಳಿದ ಹತ್ತು ತಿಂಗಳ ಗಳಿಕೆಯ ಮೇಲೆಯೇ ಲೆಕ್ಕ ಹಾಕಿರುತ್ತಾರೆ. ಅದೇ ಊರಿನ ಕಿರಾಣಿ ಅಂಗಡಿ, ಖಾನಾವಳಿ, ಲಾಡ್ಜ್, ಬೇಕರಿ, ಗ್ಯಾರೇಜುಗಳ ಲೆಕ್ಕ ಮಾತ್ರ ಹನ್ನೆರಡು ತಿಂಗಳದ್ದು. ಕಾರವಾರ ಮತ್ತು ಅಂಕೋಲೆಯ ಕಳೆದ ಒಂದೂವರೆ ದಶಕವನ್ನು ನೆನೆದಾಗಲೆಲ್ಲ ನನಗೆ ಅನ್ನಿಸುವುದು, ಇಲ್ಲಿಯ ಸಣ್ಣ ವ್ಯಾಪಾರಕ್ಕೆ ಪೆಟ್ಟು ಕೊಟ್ಟದ್ದು ನೆರೆಗಿಂತ ಹೆಚ್ಚಾಗಿ ಈ ಹನ್ನೆರಡು ತಿಂಗಳ ಲೆಕ್ಕವೇ. ವಿಪತ್ತನ್ನು ನಾವು ಅಪರೂಪದ ಅತಿಥಿ ಎಂದುಕೊಂಡಿದ್ದೇವೆ. ಅದು ಇಲ್ಲಿಯ ಒಂದು ಋತು.

ಇದು ಮಾತಿನ ಅಲಂಕಾರವಲ್ಲ ಎಂಬುದಕ್ಕೆ ವರ್ಷಗಳೇ ಸಾಕ್ಷಿ. 2009ರ ಅಕ್ಟೋಬರ್ 2ರಂದು, ಮಳೆಗಾಲ ಮುಗಿಯಿತೆಂದು ಎಲ್ಲರೂ ನಿರಾಳವಾಗುವ ಹೊತ್ತಿಗೆ, ಕಾರವಾರದ ಹತ್ತಿರದ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು. ಅದು ಪ್ರಕೃತಿಯ ವಿಕೋಪವಲ್ಲ, ಆದರೆ ಬೇಲೆಕೇರಿ ಬಂದರಿನಿಂದ ಯಲ್ಲಾಪುರದವರೆಗೆ ಹೆದ್ದಾರಿಯ ಬದಿಯ ವ್ಯಾಪಾರಕ್ಕೆ ಅದು ಯಾವ ನೆರೆಗೂ ಕಡಿಮೆಯಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಕಾಳಿ ಮತ್ತು ಗಂಗಾವಳಿ ಎರಡೂ ಉಕ್ಕಿದವು. ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರು ಕೆಳಗಿನ ಊರುಗಳಿಗೆ ನುಗ್ಗಿತು, ಅಂಕೋಲಾ ತಾಲ್ಲೂಕಿನಲ್ಲಿ ಗಂಗಾವಳಿ ದಂಡೆಯ ಹಳ್ಳಿಗಳು ಮುಳುಗಿದವು. ಅದೇ ವರ್ಷ ಅಕ್ಟೋಬರ್ ಕೊನೆಗೆ ಕ್ಯಾರ್ ಚಂಡಮಾರುತ ಬಂದು, ಹಂಗಾಮು ಕಾವೇರುವ ಹೊತ್ತಿನಲ್ಲಿ ಬೇರೆ ರಾಜ್ಯಗಳ ದೋಣಿಗಳೂ ಕಾರವಾರದ ಬಂದರಿನಲ್ಲಿ ಆಶ್ರಯ ಪಡೆದವು. 2020ರಲ್ಲಿ ಲಾಕ್‌ಡೌನ್. 2021ರ ಮೇನಲ್ಲಿ ತೌಕ್ತೆ ಚಂಡಮಾರುತ, ಜುಲೈನಲ್ಲಿ ಮತ್ತೆ ಗಂಗಾವಳಿಯ ನೆರೆ. ಆ ಸಲ ಗುಳ್ಳಾಪುರದ ಸೇತುವೆಯೇ ಕೊಚ್ಚಿಹೋಯಿತು, ಅರಬೈಲ್ ಘಟ್ಟದಲ್ಲಿ ರಸ್ತೆ ಕುಸಿಯಿತು, ಅಣಶಿ ಘಟ್ಟದಲ್ಲೂ ಮಣ್ಣು ಜಾರಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿತ. ಆಗಸ್ಟ್ 7ರ ನಡುರಾತ್ರಿ ಕಾರವಾರ–ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಹದಿನಾರು ಮಳೆಗಾಲಗಳಲ್ಲಿ ಇಷ್ಟು. ಇದರಲ್ಲಿ ಎಷ್ಟನ್ನು ‘ಅನಿರೀಕ್ಷಿತ’ ಎನ್ನಬಹುದು? ಯಾವ ದಿನ, ಯಾವ ಗುಡ್ಡ ಎಂಬುದು ಅನಿರೀಕ್ಷಿತವೇ. ಸರಾಸರಿ ಎರಡು-ಮೂರು ವರ್ಷಕ್ಕೊಮ್ಮೆ ಒಂದಲ್ಲ ಒಂದು ಕಾರಣಕ್ಕೆ ಕೆಲವು ವಾರ ವ್ಯಾಪಾರ ನಿಲ್ಲುತ್ತದೆ ಎಂಬುದು ಮಾತ್ರ ಪಂಚಾಂಗದಲ್ಲಿ ಬರೆದಿಡಬಹುದಾದಷ್ಟು ಖಚಿತ.

ವಿಪತ್ತು ಎಂದಾಗ ನಮ್ಮ ಕಣ್ಣಿಗೆ ಬರುವ ಚಿತ್ರ ನೀರು ನುಗ್ಗಿದ ಅಂಗಡಿಯದು: ತೋಯ್ದ ಅಕ್ಕಿ ಚೀಲ, ಕೆಸರು ಮೆತ್ತಿದ ಫ್ರಿಜ್. ಸುಂಕಸಾಳ, ಡೋಂಗ್ರಿ, ಹಿಲ್ಲೂರಿನ ಕಡೆ ಇದು ನಿಜವಾದ ನಷ್ಟ. ಆದರೆ ಎರಡೂ ಪಟ್ಟಣಗಳ ಪೇಟೆಯ ಬಹುಪಾಲು ಅಂಗಡಿಗಳಿಗೆ 2021ರಲ್ಲಾಗಲಿ 2024ರಲ್ಲಾಗಲಿ ಒಂದು ಹನಿ ನೀರೂ ನುಗ್ಗಲಿಲ್ಲ. ಅವರಿಗೆ ಆದ ನಷ್ಟ ರಸ್ತೆಯದು. ಹುಬ್ಬಳ್ಳಿಯ ಸರಕು ಅರಬೈಲ್ ಇಳಿದು ಬರಬೇಕು. ಬೆಳಗಾವಿ ಕಡೆಯದು ಅಣಶಿ ಘಟ್ಟ ಇಳಿಯಬೇಕು. ಮಂಗಳೂರಿನದು ಕರಾವಳಿ ಹೆದ್ದಾರಿ 66ರಲ್ಲಿ ಕುಮಟಾ, ಶಿರೂರು ದಾಟಿ ಬರಬೇಕು. ಗೋವಾದ ಗಿರಾಕಿ, ಗೋವಾಕ್ಕೆ ಹೋಗುವ ಲಾರಿ ಕಾಳಿ ಸೇತುವೆ ದಾಟಬೇಕು. ಕೊಂಕಣ ರೈಲು ಇದೆ, ಆದರೆ ಹತ್ತು ಚೀಲ ಬೇಳೆ ತರಿಸುವ ಅಂಗಡಿಗೆ ಅದು ಆಸರೆಯಲ್ಲ. ಹೀಗೆ ನಾಲ್ಕು ಬಾಗಿಲಿನ ಮನೆಯಂತಿರುವ ಊರಿಗೆ 2024ರಲ್ಲಿ 22 ದಿನಗಳ ಅಂತರದಲ್ಲಿ ತೆಂಕಣ ಬಾಗಿಲು ಪೂರ್ತಿ ಮುಚ್ಚಿ, ಬಡಗಣದ್ದು ಅರ್ಧ ಮುರಿಯಿತು. ಹೊಸ ಸೇತುವೆಯೊಂದು ಪಕ್ಕದಲ್ಲಿ ಇರದಿದ್ದರೆ ಪೂರ್ತಿಯೇ ಮುರಿಯುತ್ತಿತ್ತು. ಶಿರೂರಿನಲ್ಲಿ ಮಣ್ಣು ತೆಗೆಯುವ ಕೆಲಸ ನಡೆದಷ್ಟು ದಿನ ಹೆದ್ದಾರಿಯ ಸಂಚಾರ ನಿಂತು, ಅಂಕೋಲೆಯ ಊಟದ ಹೋಟೆಲುಗಳಿಗೆ ದೂರದೂರಿನ ಬಸ್ಸು, ಲಾರಿ, ಪ್ರವಾಸಿ ಮೂರೂ ಬರಲಿಲ್ಲ. ಗೋಡೆ ನೆಟ್ಟಗಿತ್ತು, ಸರಕು ತೋಯ್ದಿರಲಿಲ್ಲ, ಗಲ್ಲಾ ಖಾಲಿಯಿತ್ತು. ಇಂಥ ನಷ್ಟಕ್ಕೆ ಪಂಚನಾಮೆ ಇಲ್ಲ, ಫೋಟೊ ಇಲ್ಲ, ಪತ್ರಿಕೆಯಲ್ಲಿ ಸುದ್ದಿಯೂ ಇಲ್ಲ. 2018ರಲ್ಲಿ ಕೊಡಗಿನಲ್ಲಿಯೂ ಹೀಗೇ ಆಗಿತ್ತು; ಗುಡ್ಡ ಕುಸಿದ ಊರುಗಳಿಂದ ಎಷ್ಟೋ ದೂರದ ಹೋಂಸ್ಟೇಗಳಿಗೂ ಜನ ಬರುವುದು ನಿಂತಿತ್ತು.

ಶಿರೂರಿನ ಬಗ್ಗೆ ಒಂದಿಷ್ಟು ನಿಧಾನವಾಗಿ ಹೇಳಬೇಕು. ಚತುಷ್ಪಥಕ್ಕಾಗಿ ಕಡಿದ ಗುಡ್ಡದ ಬುಡ, ಎದುರಿಗೆ ಗಂಗಾವಳಿ, ನಡುವೆ ಹೆದ್ದಾರಿ. ಅದರ ಬದಿಯಲ್ಲಿ ಲಾರಿ ನಿಲ್ಲಿಸಲು ಜಾಗ, ಜಾಗವಿದ್ದಲ್ಲಿ ಒಂದು ಚಹಾ-ತಿಂಡಿಯ ಅಂಗಡಿ. ಆ ಬೆಳಿಗ್ಗೆ ಗುಡ್ಡ ಅಂಗಡಿಯನ್ನೂ ನಡೆಸುತ್ತಿದ್ದ ಕುಟುಂಬವನ್ನೂ ನಿಂತಿದ್ದ ಲಾರಿಗಳನ್ನೂ ಹೊತ್ತು ನದಿಗೆ ಬಿತ್ತು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಒಡೆಯಿತು. ಹನ್ನೊಂದು ಜೀವ ಹೋದವು. ಅವರಲ್ಲಿ ಕೇರಳದ ಲಾರಿ ಚಾಲಕರೊಬ್ಬರ ದೇಹ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್ 25ರಂದು. ಈ ಅಂಗಡಿಗೆ ವಿಮೆ, ಉಳಿತಾಯ, ದಾಖಲೆ ಎಂದೆಲ್ಲ ಉಪದೇಶಿಸುವುದು ಅಸಭ್ಯ. ನನ್ನ ವಾದಕ್ಕೆ ಇರುವ ಅತಿ ಗಟ್ಟಿ ಆಕ್ಷೇಪ ಇದೇ: ಗುಡ್ಡ ಮೈಮೇಲೆ ಬಿದ್ದರೆ ಯಾವ ತಯಾರಿ ಏನು ಮಾಡೀತು? ಒಪ್ಪುತ್ತೇನೆ, ಏನೂ ಮಾಡದು. ಆದರೆ ಆ ಆಕ್ಷೇಪ ಇನ್ನೊಂದು ಸತ್ಯವನ್ನು ಎತ್ತಿ ತೋರಿಸುತ್ತದೆ. ಹೆದ್ದಾರಿ ಬದಿಯ ಚಹಾ ಅಂಗಡಿ ಅಪಾಯದ ಜಾಗದಲ್ಲಿ ಕೂರುವುದು ಅಜ್ಞಾನದಿಂದಲ್ಲ. ಲಾರಿ ಅಲ್ಲಿ ನಿಲ್ಲುತ್ತದೆ, ಅದಕ್ಕೆ. ಕರಾವಳಿಯಲ್ಲಿ ರಸ್ತೆ ಅಗಲವಾಗುವುದು ಗುಡ್ಡ ಕಡಿದೇ. ಅಗಲವಾದಲ್ಲಿ ವಾಹನ ನಿಲ್ಲುವುದು, ನಿಂತಲ್ಲಿ ವ್ಯಾಪಾರ ಆಗುವುದು. ಕಡಿದ ಗುಡ್ಡವನ್ನು ಭದ್ರಪಡಿಸುವುದು, ಅದರ ಬುಡದಲ್ಲಿ ಲಾರಿ ನಿಲ್ಲದಂತೆ ಮಾಡಿ ಬೇರೆ ಕಡೆ ನಿಲುಗಡೆಯ ಜಾಗ ಕೊಡುವುದು ರಸ್ತೆ ಮಾಡುವವರ, ಮಾಡಿಸುವವರ ಹೊಣೆ. ಚಹಾ ಮಾರುವವನ ಹೊಣೆಯಲ್ಲ. ಅವನ ಕೈಯಲ್ಲಿರುವುದು ಒಂದೇ: ರೆಡ್ ಅಲರ್ಟ್ ಘೋಷಿಸಿದ ದಿನ ಬಾಗಿಲು ತೆಗೆಯದಿರುವುದು. ಒಂದು ದಿನದ ಗಳಿಕೆ ಬಿಡಲು ಧೈರ್ಯ ಬರುವುದೂ ಆ ದಿನವನ್ನು ಮೊದಲೇ ರಜೆಯೆಂದು ಲೆಕ್ಕಕ್ಕೆ ಹಿಡಿದಿದ್ದರೆ ಮಾತ್ರ. ಮಳೆಗಾಲದ ಪ್ರತಿದಿನದ ಗಲ್ಲಾದ ಮೇಲೆ ಆ ದಿನದ ಕಂತು ನಿಂತಿರುವ ಅಂಗಡಿ ಎಚ್ಚರಿಕೆಯನ್ನು ಕೇಳಿಸಿಕೊಂಡರೂ ಪಾಲಿಸಲಾರದು. ಹತ್ತು ತಿಂಗಳ ಲೆಕ್ಕ ಹಣದ ವಿಷಯವೆಂದು ತೋರಿದರೂ ಕೆಲವು ಸಲ ಪ್ರಾಣದ ವಿಷಯವೇ.

ಅದಿರಿನ ಕಾಲದ ಪಾಠ ಬೇರೆ ಬಗೆಯದು, ಬಹುಬೇಗ ಮರೆತದ್ದು ಕೂಡ. ಹೊಸಪೇಟೆ-ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಮೂಲಕ ಇಳಿದು ಬೇಲೆಕೇರಿ, ಕಾರವಾರ ಬಂದರುಗಳಿಗೆ ಸಾಲುಗಟ್ಟುತ್ತಿದ್ದ ವರ್ಷಗಳಲ್ಲಿ ಆ ದಾರಿಯ ಉದ್ದಕ್ಕೂ ಧಾಬಾ, ಪಂಕ್ಚರ್ ಅಂಗಡಿ, ಗ್ಯಾರೇಜು, ಬಿಡಿಭಾಗದ ಅಂಗಡಿಗಳು ಎದ್ದವು. ಸಾಲ ತೆಗೆದು ಲಾರಿ ಕೊಂಡವರೂ ಇದ್ದರು. ಧೂಳು, ಅಪಘಾತ, ಕೆಟ್ಟ ರಸ್ತೆಗೆ ಜನ ಶಪಿಸುತ್ತಿದ್ದರು. ಅದೇ ಧೂಳಿನಲ್ಲಿ ವ್ಯಾಪಾರವೂ ಇತ್ತು. 2010ರ ಮಾರ್ಚ್‌ನಲ್ಲಿ ಬೇಲೆಕೇರಿಯಲ್ಲಿ ಅಕ್ರಮ ಅದಿರು ಜಪ್ತಿಯಾಯಿತು, ಜುಲೈನಲ್ಲಿ ರಫ್ತು ನಿಂತಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಅಕ್ರಮ ನಿಂತದ್ದು ಸರಿ, ಅದರ ಬಗ್ಗೆ ಅಳುವುದೇನಿಲ್ಲ. ಆದರೆ ಗಣಿಯಲ್ಲಿ ಯಾವ ಪಾಲೂ ಇರದ ಪಂಕ್ಚರ್ ಅಂಗಡಿಯವನ ಗಿರಾಕಿಯೂ ಅಂದೇ ಹೋದ. ಒಂದೇ ಗಿರಾಕಿ, ಒಂದೇ ರಸ್ತೆ, ಒಂದೇ ಸರಕುದಾರನ ಮೇಲೆ ನಿಂತ ವ್ಯಾಪಾರ ಮಳೆಯಿಲ್ಲದೆಯೂ ಮುಳುಗುತ್ತದೆ. ಇಲ್ಲಿ ವ್ಯಾಪಾರಿಗಳು ಹೇಳುವ ಎದುರು ಮಾತು ತೂಕದ್ದೇ: ಹುಬ್ಬಳ್ಳಿಯ ಒಬ್ಬನೇ ಸಗಟು ವ್ಯಾಪಾರಿಯಿಂದ ಎಲ್ಲ ಸರಕೂ ತೆಗೆದುಕೊಳ್ಳುವುದರಿಂದಲೇ ಅವನು ಉದ್ರಿ ಕೊಡುತ್ತಾನೆ, ಇನ್ನೊಬ್ಬನ ಹತ್ತಿರ ಹೋದರೆ ಇವನು ಮುನಿಯುತ್ತಾನೆ, ಅವನು ರೊಕ್ಕ ಮೊದಲು ಕೇಳುತ್ತಾನೆ. ನಿಜ. ಆದರೆ ಅರ್ಧಕ್ಕರ್ಧ ಹಂಚಬೇಕಿಲ್ಲ. ಬೇರೆ ದಾರಿಯಿಂದ ಬರುವ ಇನ್ನೊಬ್ಬ ಸರಕುದಾರನಿಂದ ವರ್ಷವಿಡೀ ಹತ್ತರಲ್ಲಿ ಒಂದು ಭಾಗ ನಗದು ಕೊಟ್ಟು ತರಿಸಿದರೆ ಸಾಕು, ಅರಬೈಲ್ ಮುಚ್ಚಿದ ವಾರ ಅವನಿಗೆ ಫೋನ್ ಮಾಡಿದರೆ ಗುರುತು ಹಿಡಿಯುತ್ತಾನೆ. ವಿಪತ್ತಿನ ದಿನ ಹೊಸ ಪರಿಚಯಕ್ಕೆ ಯಾರಿಗೂ ಪುರಸೊತ್ತಿರುವುದಿಲ್ಲ.

ಎರಡು ತಿಂಗಳ ಖರ್ಚು ಬದಿಗಿಡಲು ಸಣ್ಣ ಅಂಗಡಿಯವನ ಹತ್ತಿರ ಹಣವೆಲ್ಲಿದೆ ಎಂಬ ಪ್ರಶ್ನೆಯನ್ನು ಎಲ್ಲರೂ ಎತ್ತುತ್ತಾರೆ. ಪ್ರಶ್ನೆ ನ್ಯಾಯದ್ದು, ಆದರೆ ಕರಾವಳಿಯಲ್ಲಿ ಅದಕ್ಕೆ ಹಳೆಯ ಉತ್ತರ ಇದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಇದೇ ಕರಾವಳಿಯ ದಕ್ಷಿಣ ಭಾಗದಲ್ಲಿ ಪಿಗ್ಮಿ ಠೇವಣಿ ಆರಂಭಿಸಿದ್ದು ಬ್ಯಾಂಕಿಗೆ ಹೋಗಲಾರದ ಬಡ ದುಡಿಮೆಗಾರರಿಂದ ದಿನದಿನದ ಚಿಲ್ಲರೆ ಕೂಡಿಸಲು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಉಳಿಯಿತು. ಇಂದಿಗೂ ಪೇಟೆಯ ಅಂಗಡಿಗಳಿಗೆ ಸಂಜೆ ಪಿಗ್ಮಿಯವರು ಬರುತ್ತಾರೆ. ದಿನಕ್ಕೆ ನೂರು ರೂಪಾಯಿ, ವರ್ಷಕ್ಕೆ ಮುನ್ನೂರು ದಿನ ಎಂದರೂ ಮೂವತ್ತು ಸಾವಿರವಾಗುತ್ತದೆ. ಸಣ್ಣ ಅಂಗಡಿಯ ಎರಡು ತಿಂಗಳ ಬಾಡಿಗೆ, ಕರೆಂಟು ಬಿಲ್ಲಿಗೆ ಅದು ಬಹುಮಟ್ಟಿಗೆ ಒದಗುತ್ತದೆ. ನಮ್ಮ ದೋಷವಿರುವುದು ಕೂಡಿಸದೆ ಇರುವುದರಲ್ಲಿ ಅಲ್ಲ, ಆ ಪಿಗ್ಮಿಯ ಮೇಲೆಯೇ ಸಾಲ ತೆಗೆದು ಗಣೇಶ ಚೌತಿಗೆ ಸರಕು ತುಂಬುವುದರಲ್ಲಿ. ಒಂದು ಪಿಗ್ಮಿಯನ್ನು ಮಳೆಗಾಲದ ಹೆಸರಿಗೇ ಬಿಟ್ಟು, ಮುಟ್ಟದೆ ಇಟ್ಟರೆ ಹತ್ತು ತಿಂಗಳ ಲೆಕ್ಕ ತಾನೇ ಆರಂಭವಾಗುತ್ತದೆ. ಮೀನುಗಾರರಿಗಿರುವ ಉಳಿತಾಯ-ಪರಿಹಾರ ಯೋಜನೆಯ ತರ್ಕವೂ ಇದೇ: ದುಡಿಯುವ ತಿಂಗಳುಗಳಲ್ಲಿ ಮೀನುಗಾರ 1,500 ರೂಪಾಯಿ ಕಟ್ಟುತ್ತಾನೆ, ಕೇಂದ್ರ ಮತ್ತು ರಾಜ್ಯ ಅಷ್ಟಷ್ಟೇ ಸೇರಿಸುತ್ತವೆ, ನಿಷೇಧದ ಹೊತ್ತಿಗೆ 4,500 ಕೈಗೆ ಬರುತ್ತದೆ. ಮೊತ್ತ ಚಿಕ್ಕದು, ವಿಧಾನ ದೊಡ್ಡದು. ಒಂದು ಎಚ್ಚರಿಕೆ ಮಾತ್ರ ಇಲ್ಲಿ ಸೇರಿಸಬೇಕು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಐದು ಲಕ್ಷದವರೆಗೆ ಠೇವಣಿ ವಿಮೆಯ ರಕ್ಷಣೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರಿ ಸಂಘಕ್ಕೆ ಇಲ್ಲ. ಬಡ್ಡಿ ಅರ್ಧ ಪರ್ಸೆಂಟ್ ಹೆಚ್ಚು ಎಂದು ಮಳೆಗಾಲದ ಹಣವನ್ನು ಅಲ್ಲಿಡುವುದು ಗುಡ್ಡದ ಬುಡದಲ್ಲಿ ಗಲ್ಲಾ ಇಟ್ಟಂತೆ.

ವಿಮೆಯ ಬಗ್ಗೆ ಮಾತೆತ್ತಿದರೆ ‘ಕಂಪನಿಯವರು ಕೊಡುವುದಿಲ್ಲ’ ಎಂಬ ಒಂದೇ ಉತ್ತರ ಬರುತ್ತದೆ. ಈ ಅಪನಂಬಿಕೆಯಲ್ಲಿ ಅರ್ಧ ಸತ್ಯ ಇದೆ, ಉಳಿದರ್ಧ ನಾವು ಪಾಲಿಸಿಯನ್ನು ಓದದೆ ಇಟ್ಟುಕೊಂಡ ಫಲ. ಬಹಳಷ್ಟು ಅಂಗಡಿಗಳ ವಿಮೆಯನ್ನು ಮಾಡಿಸುವುದು ಸಾಲ ಕೊಟ್ಟ ಬ್ಯಾಂಕು. ಅದರ ಚಿಂತೆ ತನ್ನ ಸಾಲದ ಮೊತ್ತದ್ದು. ಹತ್ತು ಲಕ್ಷದ ಸರಕಿಗೆ ಐದು ಲಕ್ಷದ ವಿಮೆ ಇದ್ದರೆ, ನಾಲ್ಕು ಲಕ್ಷದ ಸರಕು ಹಾಳಾದಾಗ ಸಿಗುವುದು ನಾಲ್ಕಲ್ಲ, ಎರಡು. ಅರ್ಧ ವಿಮೆ ಮಾಡಿಸಿದವನಿಗೆ ಅರ್ಧ ಪರಿಹಾರ ಎಂಬುದು ನಿಯಮ. ಇದು ತಿಳಿದಿಲ್ಲದವನಿಗೆ ಮೋಸ ಎನಿಸುತ್ತದೆ. ಹಳೆಯ ಬೆಂಕಿ ವಿಮೆಯಲ್ಲಿ ನೆರೆ-ಬಿರುಗಾಳಿಯ ಭಾಗವನ್ನು ಬಿಟ್ಟು ಕಂತು ತಗ್ಗಿಸಿಕೊಳ್ಳುವ ಅವಕಾಶವೂ ಇತ್ತು, ನದಿಯ ದಂಡೆಯ ಊರಿನಲ್ಲಿ ಅದಕ್ಕಿಂತ ದುಬಾರಿ ಉಳಿತಾಯ ಇನ್ನೊಂದಿಲ್ಲ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಐದು ಕೋಟಿವರೆಗಿನ ಆಸ್ತಿಯ ಉದ್ಯಮಗಳಿಗಾಗಿ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಒಂದೇ ನಮೂನೆಯ ಪಾಲಿಸಿ ತಂದಿದೆ. ನೆರೆ, ಚಂಡಮಾರುತ, ಗುಡ್ಡ ಕುಸಿತ ಎಲ್ಲವೂ ಅದರೊಳಗೆ ಬರುತ್ತವೆ. ವಿಮೆಯ ಮೊತ್ತ ಶೇ. 15ರವರೆಗೆ ಕಡಿಮೆಯಿದ್ದರೂ ಪರಿಹಾರ ಕಡಿತವಾಗುವುದಿಲ್ಲ. ಅಂಗಡಿ ಮಾರ್ಕೆಟ್ ರಸ್ತೆಯಿಂದ ಬೇರೆ ಕಡೆ ಹೋಗಿದ್ದರೂ ಪಾಲಿಸಿಯಲ್ಲಿ ಹಳೆಯ ವಿಳಾಸವೇ ಉಳಿದಿದ್ದರೆ ಮಾತ್ರ ಈ ಯಾವ ಸವಲತ್ತೂ ಉಪಯೋಗಕ್ಕೆ ಬರದು. ಆದರೂ ಒಂದು ಮಿತಿಯನ್ನು ಮುಚ್ಚಿಡಬಾರದು: ಸಾಮಾನ್ಯ ಪಾಲಿಸಿ ಹಾಳಾದ ಸರಕಿಗೆ ಹಣ ಕೊಡುತ್ತದೆ, ಬರದೆ ಹೋದ ಗಿರಾಕಿಗೆ ಅಲ್ಲ. ಶಿರೂರಿನ ರಸ್ತೆ ಮುಚ್ಚಿ ಖಾಲಿ ಕುಳಿತ ಹೋಟೆಲಿಗೆ ಅದರಿಂದ ಬಿಡಿಗಾಸೂ ಬರದು. ಆ ಖಾಲಿ ದಿನಗಳಿಗೆ ಪಿಗ್ಮಿಯೇ ವಿಮೆ.

ದಾಖಲೆಯ ಮಾತು ಎಲ್ಲರಿಗೂ ಬೇಸರ, ಆದರೆ ಮತ್ತೆ ಬಾಗಿಲು ತೆಗೆಯುವವರನ್ನೂ ತೆಗೆಯದವರನ್ನೂ ಬೇರ್ಪಡಿಸುವುದು ಅದೇ ಎಂದು ನನ್ನ ತೀರ್ಮಾನ. ಇಲ್ಲಿಯ ಕಿರಾಣಿ ಅಂಗಡಿಯ ದೊಡ್ಡ ಆಸ್ತಿ ಕಪಾಟಿನ ಸರಕಲ್ಲ, ಉದ್ರಿ ಪುಸ್ತಕ. ಆಗಸ್ಟ್‌ನಲ್ಲಿ ದೋಣಿ ಕಡಲಿಗಿಳಿದ ಮೇಲೆ ತೀರಿಸುವೆವೆಂದು ಮಳೆಗಾಲವಿಡೀ ಬರೆಸಿಕೊಂಡ ಬಾಕಿ ಅದರಲ್ಲಿರುತ್ತದೆ. ಪುಸ್ತಕ ನೆರೆಯಲ್ಲಿ ಹೋದರೆ ಊರ ಜನ ಸುಳ್ಳು ಹೇಳುತ್ತಾರೆಂದಲ್ಲ. ಯಾರದ್ದೆಷ್ಟು ಎಂಬುದು ಅವರಿಗೂ ನೆನಪಿರುವುದಿಲ್ಲ. ವಾರಕ್ಕೊಮ್ಮೆ ಆ ಪುಟಗಳ, ಸರಕು ಖರೀದಿಯ ಬಿಲ್ಲುಗಳ, ಪಾಲಿಸಿಯ, ಪರವಾನಗಿಯ ಫೋಟೊ ತೆಗೆದು ಘಟ್ಟದ ಮೇಲಿನ ಊರಿನಲ್ಲಿರುವ ನೆಂಟರೊಬ್ಬರ ಫೋನಿಗೆ ಕಳಿಸಿದರೆ ಆಯಿತು; ಇದಕ್ಕೆ ಕಂಪ್ಯೂಟರೂ ಬೇಡ, ಲೆಕ್ಕಿಗನೂ ಬೇಡ. ಬರೆದಿಟ್ಟ ಲೆಕ್ಕವೇ ತೆರಿಗೆಯವರ ಕೈಗೆ ಕೊಟ್ಟ ಕೋಲು ಎಂಬ ಭಯವಿದೆ. ಆ ಭಯದ ಬೆಲೆಯನ್ನು 2020 ತೋರಿಸಿತು. ಲಾಕ್‌ಡೌನಿನ ನಂತರ ಕೇಂದ್ರ ತಂದ ತುರ್ತು ಸಾಲ ಖಾತರಿ ಯೋಜನೆಯಲ್ಲಿ 2020ರ ಫೆಬ್ರುವರಿ ಕೊನೆಗೆ ಬಾಕಿಯಿದ್ದ ಸಾಲದ ಶೇ. 20ರಷ್ಟು ಹೊಸ ಸಾಲ ಸಿಗುತ್ತಿತ್ತು. ಬ್ಯಾಂಕಿನ ಪುಸ್ತಕದಲ್ಲಿ ಹೆಸರೇ ಇಲ್ಲದ ವ್ಯಾಪಾರಿಗೆ ಇಪ್ಪತ್ತು ಪರ್ಸೆಂಟ್ ಯಾವುದರದ್ದು? ಬೀದಿ ವ್ಯಾಪಾರಿಗಳ ಸ್ವನಿಧಿ ಯೋಜನೆಯ ಹತ್ತು ಸಾವಿರದ ಸಾಲವೂ ಹೋದದ್ದು ಪುರಸಭೆ-ನಗರಸಭೆಯ ಪಟ್ಟಿಯಲ್ಲಿದ್ದವರಿಗೆ ಅಥವಾ ಅಲ್ಲಿಂದ ಶಿಫಾರಸು ಪತ್ರ ತಂದವರಿಗೆ. ವಿಪತ್ತಿನಲ್ಲಿ ಸಾಲದ ಕಂತನ್ನು ಮುಂದೂಡಿ ಮರುಹೊಂದಿಸಲು ರಿಸರ್ವ್ ಬ್ಯಾಂಕಿನ ನಿರ್ದೇಶನಗಳೇ ಇವೆ, ಅವೂ ಬ್ಯಾಂಕಿನಿಂದ ಸಾಲ ಪಡೆದವರಿಗೆ. ಖಾಸಗಿ ಬಡ್ಡಿಗೆ ತಂದವರಿಗೆ ಅಲ್ಲ.

ಇಷ್ಟೆಲ್ಲ ಹೊರೆಯನ್ನು ಅಂಗಡಿಯವನ ತಲೆಗೇ ಕಟ್ಟಿದರೆ ಸರ್ಕಾರ ಏಕಿದೆ, ಗುಡ್ಡ ಕಡಿದವರು ಯಾರು, ಅಣೆಕಟ್ಟೆಯ ನೀರು ಬಿಟ್ಟವರು ಯಾರು ಎಂದು ಕೇಳಬಹುದು. ಕೇಳಲೇಬೇಕು. ಸ್ವಂತ ತಯಾರಿಯ ಮಾತು ಹೊಣೆಗಾರರನ್ನು ಬಿಟ್ಟುಬಿಡುವ ನೆಪವಾಗಬಾರದು. ಆದರೆ ಆ ಹೋರಾಟ ವರ್ಷಗಳದ್ದು. ಬೇಲೆಕೇರಿಯ ಅದಿರಿನ ಪ್ರಕರಣದಲ್ಲಿ ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಹದಿನಾಲ್ಕು ವರ್ಷದ ಮೇಲೆ. ಅಷ್ಟು ಕಾಲ ಬಾಗಿಲು ಹಾಕಿ ಕಾಯುವ ಶಕ್ತಿ ಯಾವ ಚಹಾ ಅಂಗಡಿಗಿದೆ? ಇನ್ನು ನೆರೆ ಪರಿಹಾರ. ರಾಜ್ಯ ವಿಪತ್ತು ಪರಿಹಾರ ನಿಧಿಯ ಕೇಂದ್ರದ ಮಾರ್ಗಸೂಚಿಯಲ್ಲಿ ಜೀವಹಾನಿ, ಮನೆ, ಬೆಳೆ, ಜಾನುವಾರು, ದೋಣಿ, ಬಲೆ, ಕೈಮಗ್ಗದವರ ಸಲಕರಣೆ, ಇಷ್ಟಕ್ಕೂ ಒಂದೊಂದು ದರ ನಮೂದಾಗಿದೆ. ಕಿರಾಣಿ ಅಂಗಡಿಯ ಸರಕಿಗೆ, ಖಾನಾವಳಿಯ ಪಾತ್ರೆ-ಒಲೆಗೆ ಅಲ್ಲಿ ದರವಿಲ್ಲ. ಗ್ರಾಮ ಆಡಳಿತ ಅಧಿಕಾರಿಗಳು ಸಮೀಕ್ಷೆಗೆ ಬಂದಾಗ ಮನೆಯನ್ನು ಬರೆದುಕೊಂಡು ಅದರ ಮುಂಗಟ್ಟಿನ ಅಂಗಡಿಯನ್ನು ಬಿಟ್ಟು ಹೋದರೆ ಅದು ಅವರ ನಿರ್ದಯೆಯಲ್ಲ, ನಮೂನೆಯಲ್ಲಿ ಅದಕ್ಕೆ ಸಾಲೇ ಇಲ್ಲ. ಈ ಮಾರ್ಗಸೂಚಿ ಹಣಕಾಸು ಆಯೋಗದ ಅವಧಿಗೊಮ್ಮೆ ಬದಲಾಗುತ್ತದೆ. ಎರಡೂ ಪಟ್ಟಣಗಳ ವರ್ತಕರು ನೆರೆ ಬಂದ ಮೇಲೆ ಮನವಿ ಕೊಡುವುದನ್ನು ಬಿಟ್ಟು, ಬೇಸಿಗೆಯಲ್ಲೇ ತಮ್ಮ ಅಂಗಡಿಗಳ ಸರಕು, ಬಾಡಿಗೆ, ಕೆಲಸಗಾರರ ಲೆಕ್ಕ ಒಟ್ಟುಗೂಡಿಸಿ ಜಿಲ್ಲಾಧಿಕಾರಿಗೂ ಸಂಸದರಿಗೂ ಕೊಟ್ಟು, ಆ ನಮೂನೆಯಲ್ಲಿ ಸಣ್ಣ ಅಂಗಡಿಗೆ ಒಂದು ಸಾಲು ಸೇರಿಸಿ ಎಂದು ಒಟ್ಟಾಗಿ ಕೇಳಬೇಕು.